ನಿಮ್ಮೂರಿನ ದೆವ್ವ, ದೃಷ್ಟಿ, ಮಾಟದ ಮಾತು ಬರ್ದಿಟ್ಕೊಳ್ಳೋದು ಹೆಂಗೆ

ನಾಲ್ಕೈದು ವರ್ಷದಿಂದ ನಂಗೊಂದು ಹುಚ್ಚು ಹಿಡಿದೈತೆ. ಊರಿಗೆ ಹೋದಾಗೆಲ್ಲ ಅಜ್ಜಿಯರನ್ನ, ಪೂಜಾರಪ್ಪಂದಿರನ್ನ, ಕುರಿ ಕಾಯೋರನ್ನ ಹಿಡ್ಕೊಂಡು ಕೂರೋದು, ಗಾಳಿ ಸೋಕೋದು, ದೃಷ್ಟಿ ತೆಗಿಯೋದು, ಹೂ ಕೇಳೋದು, ಮಾರಿ ಸಾಗ್ಸೋದು, ಮಾಟ ಮಾಡ್ಸೋದು ಎಲ್ಲ ಕೇಳಿ ಬರ್ಕೊಳ್ಳೋದು. ಮೂಲ ಚಳ್ಳಕೆರೆ ತಾಲೂಕು, ಈಗ ಇರೋದು ದಾವಣಗೆರೆ. ಮನೇಲಿ ನಮ್ಮಮ್ಮ "ಇವ್ನಿಗೇ ಯಾವ್ದೋ ಗಾಳಿ ಮೆಟ್ಕೊಂಡೈತೆ, ಮೊದ್ಲು ಇವ್ನಿಗೊಂದು ಅಂತ್ರ ಕಟ್ಸಿ" ಅಂತ ನಗ್ತಾಳೆ. ಈಗ ಪರಿಚಯದ ಕಾಲೇಜ್ ಹುಡುಗ್ರು ಒಂದಿಬ್ರು ನಾವೂ ನಮ್ಮೂರಲ್ಲಿ ಹಿಂಗೆ ಮಾಡ್ಬೇಕು ಹೆಂಗೆ ಶುರು ಮಾಡೋದು ಅಂತ ಕೇಳಿದ್ರು, ಅದ್ಕೇ ಬರೀತಿದೀನಿ. ನಾನೇನು ಜಾನಪದ ಓದಿ ಡಿಗ್ರಿ ತಗೊಂಡೋನಲ್ಲ, ತಪ್ಪು ಮಾಡಿ ಕಲ್ತಿದ್ದು ಜಾಸ್ತಿ.

ಸಾಮಾನು ಜಾಸ್ತಿ ಬೇಕಾಗಿಲ್ಲ. 200 ಪೇಜಿನ ಒಂದು ನೋಟ್‌ಬುಕ್, ಪೆನ್ನು, ರೆಕಾರ್ಡ್ ಮಾಡೋಕೆ ಫೋನು. ಫೋನ್ ಬಗ್ಗೆ ಒಂದೇ ಮಾತು, ಫ್ಯಾನ್ ಕೆಳಗೆ ಇಟ್ಟು ರೆಕಾರ್ಡ್ ಮಾಡ್ಬೇಡಿ, ನನ್ನ ಮೊದಲ ಮೂರು ರೆಕಾರ್ಡಿಂಗಲ್ಲಿ ಬರೀ ಗರಗರ ಅನ್ನೋ ಸದ್ದೈತೆ, ಮಧ್ಯ ಮಧ್ಯ "ಆವಾಗ ಅವ್ಳು ಕೂದ್ಲು ಬಿಟ್ಕೊಂಡು" ಅಂತ ಅರ್ಧ ವಾಕ್ಯ ಕೇಳುತ್ತೆ ಅಷ್ಟೇ. ಎಡಗಡೆ ಪೇಜಲ್ಲಿ ಅವ್ರು ಹೇಳಿದ್ದನ್ನ ಅವ್ರ ಮಾತಲ್ಲೇ ಬರೀರಿ, ಬಲಗಡೆ ಪೇಜು ನಿಮ್ದು, ನಿಮ್ಗೆ ಏನನ್ನಿಸ್ತೋ ಅದು. ಎರಡನ್ನೂ ಕಲಸ್ಬೇಡಿ. ಮೊದ್ಮೊದ್ಲು ನಾನು ಕಲಸಿಬಿಟ್ಟಿದ್ದೆ, ಈಗ ಓದಿದ್ರೆ ಯಾವ್ದು ಅಜ್ಜಿ ಹೇಳಿದ್ದು ಯಾವ್ದು ನನ್ನ ಜಾಣತನ ಅಂತಾನೇ ಗೊತ್ತಾಗಲ್ಲ.

ಕೇಳಬಾರದ ಪ್ರಶ್ನೆ

"ನೀವು ಇದನ್ನ ನಂಬ್ತೀರಾ?" ಇದೊಂದು ಪ್ರಶ್ನೆ ಬಾಯಿಂದ ಬಂತು ಅಂದ್ರೆ ಅವತ್ತಿನ ಕೆಲಸ ಮುಗೀತು. ನಾನು ನಮ್ಮ ದೊಡ್ಡಜ್ಜಿಗೆ ಹಿಂಗೇ ಕೇಳಿದ್ದೆ. ಅವ್ಳು ಸೀರೆ ಸೆರಗು ಸರಿ ಮಾಡ್ಕೊಂಡು "ನಾವು ಓದಿಲ್ಲದೋರು ಬಿಡಪ್ಪ, ನಮ್ಗೇನ್ ಗೊತ್ತಾಗುತ್ತೆ" ಅಂದು ಸುಮ್ನಾದ್ಲು. ಅದು ಉತ್ರ ಅಲ್ಲ, ಬಾಗ್ಲು ಹಾಕ್ಕೊಂಡಿದ್ದು. ಆಮೇಲೆ ಒಂದಿನ ಶೇಂಗಾ ಬಿಡಿಸ್ತಾ ಕೂತಿದ್ಲು, ನಾನೂ ಪಕ್ಕದಲ್ಲಿ ಕೂತು ಬಿಡಿಸ್ತಾ "ಅಜ್ಜೀ, ನಮ್ಮಪ್ಪ ಚಿಕ್ಕೋನಿದ್ದಾಗ ಜ್ವರ ಬಂದು ಬಾಯಿ ಬಿಟ್ಟಿರ್ಲಿಲ್ವಂತೆ, ಅವತ್ತು ಏನಾಯ್ತು" ಅಂದೆ. ಎರಡು ಗಂಟೆ ಹೇಳಿದ್ಲು. ಯಾವ ಅಮಾಸೆ, ಯಾರ್ ಮನೆ ಗಾಡೀಲಿ ಕರ್ಕೊಂಡೋದ್ರು, ಪೂಜಾರಪ್ಪ ಎಷ್ಟು ಬೇವಿನ ಸೊಪ್ಪು ತರ್ಸಿದ, ಎಷ್ಟು ದುಡ್ಡು ತಗೊಂಡ, ಯಾವ ತಾಯತ, ಆಮೇಲೆ ಚಳ್ಳಕೆರೆ ಡಾಕ್ಟ್ರು ಎರಡು ಸೂಜಿ ಹಾಕಿದ್ದು, ಎಲ್ಲಾ ಬಂತು, ಎರಡಕ್ಕೂ ಜಗಳಾನೇ ಇರ್ಲಿಲ್ಲ ಅವ್ಳ ಕಥೇಲಿ.

ಅಂದ್ರೆ ಪ್ರಶ್ನೆ ಯಾವಾಗ್ಲೂ "ಅವತ್ತು ಏನಾಯ್ತು" ಅಂತಿರ್ಲಿ. ಯಾರು ಹೆದರಿದ್ರು, ಯಾರು ಮೊದ್ಲು "ಇದು ಗಾಳಿ" ಅಂದ್ರು, ಎಷ್ಟು ಖರ್ಚಾಯ್ತು, ಯಾರ ಮೇಲೆ ಅನುಮಾನ ಹೋಯ್ತು. ಇಷ್ಟಕ್ಕೆ ಉತ್ರ ಸಿಕ್ರೆ ಸಾಕು. ದೆವ್ವ ಐತೋ ಇಲ್ವೋ ಅಂತ ನೀವು ತೀರ್ಮಾನ ಮಾಡೋಕೆ ಹೋಗಿಲ್ಲ, ಆ ಮನೇಲಿ ಅವತ್ತು ಯಾವ್ದು ಕೈ ಮೀರಿ ಹೋಗಿತ್ತು ಅಂತ ತಿಳ್ಕೊಳ್ಳೋಕೆ ಹೋಗಿರೋದು.

ಒಂದು ಉದಾಹರಣೆ ಕೊಡ್ತೀನಿ. ರಾತ್ರಿ ಎಚ್ಚರ ಆಯ್ತು, ಕಣ್ಣು ಬಿಟ್ಟೈತೆ, ಮೈ ಅಲುಗಾಡ್ತಿಲ್ಲ, ಎದೆ ಮೇಲೆ ಯಾರೋ ಕೂತಂಗೆ, ಕೂಗೋಣ ಅಂದ್ರೆ ಬಾಯಿ ಬರ್ತಿಲ್ಲ. ಇದನ್ನ ನಂಗೆ ಕಡಿಮೆ ಅಂದ್ರೂ ಹತ್ತು ಜನ ಹೇಳಿದಾರೆ, ಒಬ್ರು ಹಾಸ್ಟೆಲ್ ಹುಡುಗ. ಎಡಗಡೆ ಪೇಜಲ್ಲಿ "ಎದೆ ಮೇಲೆ ಕೂತಿದ್ಲು" ಅಂತಾನೇ ಬರೀರಿ. ಬಲಗಡೆ ಪೇಜಲ್ಲಿ, ಕನಸು ಬೀಳೋ ಹೊತ್ತಲ್ಲಿ ಮಿದುಳು ಕೈಕಾಲಿನ ಸ್ನಾಯುಗಳನ್ನ ಆಫ್ ಮಾಡಿಟ್ಟಿರುತ್ತೆ, ಅದು ಆನ್ ಆಗೋ ಮುಂಚೆ ಎಚ್ಚರ ಆಗಿಬಿಟ್ರೆ ಹಿಂಗಾಗುತ್ತೆ ಅಂತ. ಮಜಾ ಏನಂದ್ರೆ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಡೆ ಇದನ್ನ ಮುದುಕಿ ಬಂದು ಕೂರ್ತಾಳೆ ಅಂತಾರೆ, ಜಪಾನಲ್ಲಿ ಕನಶಿಬರಿ ಅಂತಾರೆ, ಲೋಹದಲ್ಲಿ ಕಟ್ಟಿಹಾಕಿದಂಗೆ ಅಂತ ಅರ್ಥ. ಮೈಗೆ ಆಗೋದು ಎಲ್ಲಾ ಕಡೆ ಒಂದೇ, ಬಂದು ಕೂರೋರು ಮಾತ್ರ ಆಯಾ ಊರಿನೋರು.

ದೃಷ್ಟಿ ತೆಗಿಯೋದನ್ನ ಮೊದ್ಲು ಬರೀರಿ

ಶುರು ಮಾಡೋಕೆ ಇದಕ್ಕಿಂತ ಸಲೀಸು ಯಾವ್ದೂ ಇಲ್ಲ, ಎಲ್ರ ಮನೇಲೂ ನಡಿಯುತ್ತೆ, ಯಾರೂ ಮುಚ್ಚಿಡಲ್ಲ. ಆದ್ರೆ "ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕ್ತಾರೆ" ಅಂತ ಒಂದೇ ಸಾಲು ಬರೆದು ಮುಗಿಸಿದ್ರೆ ಅದು ಬರ್ದಂಗಲ್ಲ. ಕಲ್ಲುಪ್ಪೋ ಪುಡಿ ಉಪ್ಪೋ? ಒಣಮೆಣಸಿನಕಾಯಿ ಎಷ್ಟು, ತೊಟ್ಟು ಇರ್ಬೇಕಾ? ಪೊರಕೆ ಕಡ್ಡಿ ಸೇರಿಸ್ತಾರಾ, ಹಳೇ ಚಪ್ಪಲಿ ತಗೊಳ್ತಾರಾ? ಮಗೂನ ಯಾವ ದಿಕ್ಕಿಗೆ ಕೂರಿಸ್ತಾರೆ? ಯಾವ ಕಡೆಯಿಂದ ಎಷ್ಟು ಸುತ್ತು? ಏನಂತ ಹೇಳ್ತಾರೆ? ನಮ್ಮನೇಲಿ "ನಾಯಿ ಕಣ್ಣು ನರಿ ಕಣ್ಣು, ಹೋದೋರ ಕಣ್ಣು ಬಂದೋರ ಕಣ್ಣು" ಅಂತ ಶುರುವಾಗಿ ಕೊನೆಗೆ ಮೂರು ಸಲ ಥೂ ಥೂ ಅಂತ ಉಗೀತಾರೆ. ಒಲೆಗೆ ಹಾಕಿದ ಮೆಣಸಿನಕಾಯಿ ಘಾಟು ಬರ್ಲಿಲ್ಲ ಅಂದ್ರೆ ದೃಷ್ಟಿ ಜೋರಾಗಿತ್ತು ಅಂತ, ಬಂತು ಅಂದ್ರೆ ಏನೂ ಇರ್ಲಿಲ್ಲ ಅಂತ. ಗ್ಯಾಸ್ ಸ್ಟೌ ಬಂದ್ಮೇಲೆ ಏನ್ ಮಾಡ್ತಾರೆ ಅನ್ನೋದನ್ನ ಮರೀದೆ ಕೇಳಿ. ನಮ್ಮತ್ತೆ ಹಳೇ ಕಬ್ಬಿಣದ ಬಾಣಲೀಲಿ ಕೆಂಡ ಮಾಡ್ಕೊಂಡು ಹಾಕ್ತಾರೆ, ಪಕ್ಕದ ಮನೆಯೋರು ಸಿಂಕಲ್ಲಿ ನೀರು ಬಿಟ್ಟು ಕರಗಿಸ್ತಾರೆ.

ಹಿಂಗೆ ಬಿಡಿಬಿಡಿಯಾಗಿ ಬರೆದ್ರೆ ಒಳಗಿನ ಲೆಕ್ಕ ತಾನಾಗೇ ಕಾಣುತ್ತೆ. ಜೇಮ್ಸ್ ಫ್ರೇಜರ್ ಅನ್ನೋ ಸ್ಕಾಟ್ಲೆಂಡಿನ ಪಂಡಿತ ನೂರು ವರ್ಷಕ್ಕೂ ಹಿಂದೇನೇ ಹೇಳಿದ್ದ, ಲೋಕದ ಮಾಟಮಂತ್ರ ಎಲ್ಲಾ ಎರಡು ನಂಬಿಕೆ ಮೇಲೆ ನಿಂತೈತೆ ಅಂತ. ಒಂದು, ಹೋಲೋ ವಸ್ತೂಗೆ ಏನಾಗುತ್ತೋ ಅಸಲಿಗೂ ಅದೇ ಆಗುತ್ತೆ. ಎರಡು, ಒಂದ್ಸಲ ಮೈಗೆ ತಾಗಿದ್ದು ಯಾವಾಗ್ಲೂ ತಾಗೇ ಇರುತ್ತೆ. ಉಪ್ಪು ಕೆಂಡದ ಮೇಲೆ ಚಟಪಟ ಅಂದ್ರೆ ಕೆಟ್ಟ ಕಣ್ಣೂ ಹಂಗೇ ಒಡೀತು, ಇದು ಮೊದಲ್ನೇದು. ಉಗುರು, ಕೂದಲು, ಉಟ್ಟ ಬಟ್ಟೆ, ಹೆಜ್ಜೆ ಮಣ್ಣು ಬೇರೆಯೋರ ಕೈಗೆ ಸಿಗ್ಬಾರ್ದು ಅಂತಾರಲ್ಲ, ಅದು ಎರಡನೇದು. ಫ್ರೇಜರ್ ತಾನು ಬರೆದ ಜನರ ಹತ್ರ ಹೋಗಿ ಕೂತೋನಲ್ಲ, ಕುರ್ಚಿ ಮೇಲೆ ಕೂತು ಬೇರೆಯೋರು ಬರೆದಿದ್ದನ್ನ ಓದಿ ಹೇಳಿದ್ದು, ಆದ್ರೂ ಈ ಎರಡು ಲೆಕ್ಕ ನಮ್ಮ ಅಡುಗೆಮನೆಗೂ ಸರಿಯಾಗಿ ಕೂರುತ್ತೆ. ಟರ್ಕಿಯೋರು ನೀಲಿ ಗಾಜಿನ ಕಣ್ಣು ಕಟ್ತಾರೆ, ಇಟಲಿಯ ನೇಪಲ್ಸ್ ಕಡೆ ಕೆಂಪು ಕೊಂಬಿನ ಪದಕ, ದಾವಣಗೆರೇಲಿ ಬೆಣ್ಣೆದೋಸೆ ಹೋಟ್ಲು ಗಲ್ಲಾ ಮೇಲೆ ನಿಂಬೆಹಣ್ಣು ಮೆಣಸಿನಕಾಯಿ. ದುಡ್ಡು, ಚೆಂದ, ಮಗು, ಹೊಸ ಮನೆ, ಹೊಸ ಟ್ರಾಕ್ಟ್ರು. ಯಾವ್ದು ನಾಲ್ಕು ಜನರ ಹೊಟ್ಟೆ ಉರಿಸುತ್ತೋ ಅದಕ್ಕೇ ದೃಷ್ಟಿ. ಮುರುಕಲು ಸೈಕಲ್ಲಿಗೆ ಯಾರಾದ್ರೂ ಕುಂಬಳಕಾಯಿ ಒಡೆದಿದ್ದು ನೋಡಿದೀರಾ?

ಎಲ್ಲಿ ಜಾಸ್ತಿ ಸಿಗುತ್ತೆ: ಮಳೆ ನಂಬ್ಕೊಂಡ ಕಡೆ

ಮಲಿನೋವ್‌ಸ್ಕಿ ಅಂತ ಒಬ್ಬ ಮಾನವಶಾಸ್ತ್ರಜ್ಞ ಇದ್ದ, 1915ರಿಂದ 1918ರ ನಡುವೆ ಈಗಿನ ಪಪುವಾ ನ್ಯೂಗಿನಿಯ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಹೋಗಿ ಜನರ ಜತೆ ಇದ್ದೋನು. ಅಲ್ಲಿನ ಮೀನುಗಾರರು ಒಳಗಿನ ಹಿನ್ನೀರಲ್ಲಿ ಮೀನು ಹಿಡಿಯೋವಾಗ ಯಾವ ಮಂತ್ರಾನೂ ಹೇಳ್ತಿರ್ಲಿಲ್ಲ, ಅಲ್ಲಿ ಅಪಾಯ ಇಲ್ಲ, ಮೀನು ಸಿಕ್ಕೇ ಸಿಗುತ್ತೆ. ತೆರೆದ ಸಮುದ್ರಕ್ಕೆ ಹೋಗೋವಾಗ ಮಾತ್ರ ಮಂತ್ರ, ಕಟ್ಟುಪಾಡು, ಶಾಸ್ತ್ರ ಎಲ್ಲಾ. ಇದನ್ನ ಓದಿದಾಗ ನಂಗೆ ಹೊಳೆದಿದ್ದು ನಮ್ಮ ಎರಡು ಜಿಲ್ಲೆ, ಚಿತ್ರದುರ್ಗ ಮತ್ತೆ ದಾವಣಗೆರೆ. 1997ರ ತನಕ ಒಂದೇ ಜಿಲ್ಲೆ, ಆದ್ರೆ ನೀರಿನ ಲೆಕ್ಕದಲ್ಲಿ ಎರಡು ಲೋಕ. ದಾವಣಗೆರೆ ಸುತ್ತ ಭದ್ರಾ ನಾಲೆ, ಭತ್ತದ ಗದ್ದೆ. ಚಳ್ಳಕೆರೆ ಮೊಳಕಾಲ್ಮೂರು ಕಡೆ ಬಂದ್ರೆ ಆಕಾಶ ನೋಡ್ಕೊಂಡು ಶೇಂಗಾ ಹಾಕೋದು. ಹಿರಿಯೂರು ಹತ್ರ ಮಾರಿಕಣಿವೆ ಡ್ಯಾಮು, ಅದೇ ವಾಣಿವಿಲಾಸ ಸಾಗರ, 1907ರಲ್ಲಿ ಕಟ್ಟಿ ಮುಗಿಸಿದ್ದು, 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ. 89 ವರ್ಷ! ಮೂರು ತಲೆಮಾರು ಕಾದು ಕೂತ ಜನಕ್ಕೆ ಮಳೆ ಅನ್ನೋದು ತೆರೆದ ಸಮುದ್ರ ಅಲ್ದೆ ಇನ್ನೇನು.

ನನ್ನ ನೋಟ್‌ಬುಕ್ಕಲ್ಲಿ ಮಳೆ ಬಗ್ಗೆ ಇರೋ ಶಾಸ್ತ್ರ ಎಲ್ಲಾ ಹೆಚ್ಚುಕಮ್ಮಿ ಒಣ ಸೀಮೆಯವೇ. ಮಣ್ಣಲ್ಲಿ ಮಳೆರಾಯನ್ನ ಮಾಡಿ ಹಲಗೆ ಮೇಲಿಟ್ಟು ಹುಡುಗ್ರು ತಲೆ ಮೇಲೆ ಹೊತ್ಕೊಂಡು ಮನೆಮನೆಗೆ ಹೋಗೋದು, ಮನೆಯೋರು ನೀರು ಹುಯ್ಯೋದು. ಕತ್ತೆ ಮದುವೆ, ಕಪ್ಪೆ ಮದುವೆ. ನೀರು ಹುಯ್ದ್ರೆ ನೀರು ಬರುತ್ತೆ, ಅದೇ ಹೋಲಿಕೆ ಲೆಕ್ಕ ಮತ್ತೆ. ಕತ್ತಲ ಕಡೇದೂ ಒಂದೈತೆ, ತೊನ್ನು ಇದ್ದೋರನ್ನ ಹೂತರೆ ಮಳೆ ಹೋಗುತ್ತೆ ಅಂತ ಬರಗಾಲದಲ್ಲಿ ಹೂತ ಹೆಣ ತೆಗೆದು ಸುಟ್ಟ ಸುದ್ದಿ ನಮ್ಮ ಕಡೆಯಿಂದ ಪೇಪರಲ್ಲೇ ಬಂದಿದೆ. ತೊನ್ನು ಅಂದ್ರೆ ಚರ್ಮದ ಬಣ್ಣ ಹೋಗೋದು ಅಷ್ಟೇ, ಅಂಟೋ ಕಾಯ್ಲೇನೂ ಅಲ್ಲ. ಸತ್ತೋರ ಮನೆಯೋರಿಗೆ ಅವತ್ತು ಹೆಂಗಾಗಿರ್ಬೇಡ. ಬರೀ ಚೆಂದ ಇರೋದನ್ನ ಮಾತ್ರ ಬರ್ಕೊಂಡು ಇಂಥದ್ದನ್ನ ಬಿಡ್ಬೇಡಿ.

ಈಗಿನ ಕಾಲದ ಮಂತ್ರ ಎಲ್ಲೈತೆ ಅಂತ ಹುಡುಕ್ತಿದ್ರೆ ಸೀದಾ ಬೋರ್‌ವೆಲ್ ಲಾರಿ ಹಿಂದೆ ಹೋಗಿ. ಪಾಯಿಂಟ್ ಮಾಡೋರು ಬರ್ತಾರೆ, ಅಂಗೈ ಮೇಲೆ ತೆಂಗಿನಕಾಯಿ ಮಲಗಿಸ್ಕೊಂಡು ಹೊಲದಲ್ಲಿ ನಡೀತಾರೆ, ನೀರಿರೋ ಜಾಗ ಬಂದಾಗ ಕಾಯಿ ತಾನಾಗೇ ಎದ್ದು ನಿಲ್ಲುತ್ತೆ. ಇನ್ನು ಕೆಲವ್ರು ಕವೆ ಕಡ್ಡಿ ಹಿಡೀತಾರೆ. ಯುರೋಪಲ್ಲೂ ಇದೇ ಐತೆ, ಜರ್ಮನಿ ಗಣಿಯೋರು ಕವೆ ಕಡ್ಡಿ ಹಿಡ್ಕೊಂಡು ಅದಿರು ಹುಡುಕೋದನ್ನ ಅಗ್ರಿಕೋಲ ಅನ್ನೋನು 1556ರಲ್ಲೇ ಬರೆದಿಟ್ಟು, ಬುದ್ಧಿ ಇರೋ ಗಣಿಯೋನಿಗೆ ಇದು ಬೇಕಾಗಿಲ್ಲ ಅಂತಾನೂ ಸೇರಿಸಿದ್ದ. ನಮ್ಮ ಚಿಕ್ಕಪ್ಪನ ಹೊಲದಲ್ಲಿ ಮೂರು ಪಾಯಿಂಟ್ ಆಯ್ತು. ಮೊದಲ್ನೇದು ಕಾಯಿ ಕಂಬದಂಗೆ ಎದ್ದು ನಿಂತಿತ್ತು, ನಾನೇ ಕಣ್ಣಾರೆ ನೋಡಿದೀನಿ, 600 ಅಡಿಗೆ ಬರೀ ಧೂಳು. ಎರಡನೇದೂ ಧೂಳು. ಮೂರನೇದು ಒಂದೂವರೆ ಇಂಚು ನೀರು. ಈಗ ಚಿಕ್ಕಪ್ಪನ್ನ ಕೇಳಿದ್ರೆ ಮೂರನೇ ಪಾಯಿಂಟ್ ಮಾಡಿದೋನ ಹೆಸರು ಮಾತ್ರ ಹೇಳ್ತಾನೆ. ಮೊದಲ ಎರಡು ಕಥೆ ನೀವೇ ಕೆದಕಿ ಕೇಳ್ಬೇಕು. ಇದು ಎಲ್ಲಾ ಪವಾಡಕ್ಕೂ ಅನ್ವಯಿಸುತ್ತೆ, ಫಲಿಸಿದ್ದು ಊರೆಲ್ಲ ತಿರುಗುತ್ತೆ, ಫಲಿಸದೇ ಇರೋದು ಹೊಲದಲ್ಲೇ ಮಣ್ಣಾಗುತ್ತೆ, ಅದ್ಕೇ ಯಾವಾಗ್ಲೂ "ಅದಕ್ಕೆ ಮುಂಚೆ ಎಷ್ಟು ಸಲ ಮಾಡ್ಸಿದ್ರಿ" ಅಂತ ಒಂದು ಪ್ರಶ್ನೆ ಕೈಯಲ್ಲಿರ್ಲಿ.

ಬಲಗಡೆ ಪೇಜಿಗೆ: ನಮ್ಮ ಕಡೆ ನೆಲದಡಿ ಗಟ್ಟಿ ಬಂಡೆ, ನೀರು ಇರೋದು ಬಂಡೆ ಬಿರುಕಲ್ಲಿ, ಅದ್ಕೇ ಇಪ್ಪತ್ತಡಿ ಆಚೆ ಕೊರೆದ್ರೆ ನೀರು, ಈಚೆ ಕೊರೆದ್ರೆ ಧೂಳು. ಪಾಯಿಂಟ್ ಮಾಡೋನ ಕೈ ಅವನಿಗೇ ಗೊತ್ತಿಲ್ದಂಗೆ ಸಣ್ಣಗೆ ಅಲುಗಾಡುತ್ತೆ, ಅಂಗೈ ಮೇಲೆ ಅಂಚಲ್ಲಿ ನಿಂತಿರೋ ಕಾಯಿಗೆ ಅಷ್ಟು ಸಾಕು. ಅವನು ಮೋಸಗಾರ ಅಂತಲ್ಲ, ಬಹಳ ಜನ ತಾವೇ ಪೂರ್ತಿ ನಂಬಿರ್ತಾರೆ. ಲಕ್ಷಗಟ್ಲೆ ಸಾಲ ಮಾಡಿ ಕೊರೆಸೋನಿಗೆ ಯಾರಾದ್ರೂ ಒಬ್ರು "ಇಲ್ಲಿ" ಅಂತ ಗಟ್ಟಿಯಾಗಿ ಹೇಳ್ಬೇಕು. ಭೂವಿಜ್ಞಾನದೋರು ಮೆಷಿನ್ ತಂದು "ಸಾಧ್ಯತೆ ಇದೆ" ಅಂತಾರೆ, ತೆಂಗಿನಕಾಯಿ "ಐತೆ" ಅನ್ನುತ್ತೆ. ರೈತ ಯಾರ ಮಾತು ಕೇಳ್ತಾನೆ ಹೇಳಿ.

ಮಾಟದ ವಿಷಯ ಬಂದಾಗ ಹುಷಾರು

ಇಲ್ಲಿ ಮಾತ್ರ ನಿಧಾನ. ದೃಷ್ಟಿಗೆ ಹೆಸರು ಬೇಕಾಗಲ್ಲ, ಮಾಟಕ್ಕೆ ಹೆಸರು ಬೇಕೇ ಬೇಕು, ಯಾರೋ ಮಾಡ್ಸಿರ್ಬೇಕಲ್ಲ. ಸುಡಾನಿನ ದಕ್ಷಿಣಕ್ಕೆ ಅಜಾಂಡೆ ಅನ್ನೋ ಜನ ಇದಾರೆ, 1920ರ ದಶಕದ ಕೊನೇಲಿ ಇವಾನ್ಸ್ ಪ್ರಿಚರ್ಡ್ ಅನ್ನೋ ಮಾನವಶಾಸ್ತ್ರಜ್ಞ ಆ ಜನರ ಜತೆ ಇದ್ದು ಒಂದು ವಿಷಯ ಬರೆದ. ಕಂಬದ ಮೇಲೆ ಕಟ್ಟಿದ ಕಣಜ, ಅದರ ನೆರಳಲ್ಲಿ ಜನ ಕೂತಿರ್ತಾರೆ, ಗೆದ್ದಲು ತಿಂದು ಕಣಜ ಕುಸಿದು ಮೇಲೆ ಬೀಳುತ್ತೆ. ಗೆದ್ದಲು ತಿಂದಿದ್ದಕ್ಕೆ ಬಿತ್ತು ಅಂತ ಅವ್ರಿಗೂ ಚೆನ್ನಾಗಿ ಗೊತ್ತು. ಆದ್ರೆ ಈ ಮನುಷ್ಯ ಕೂತಾಗ್ಲೇ, ಇದೇ ಗಳಿಗೇಲೇ ಯಾಕೆ ಬಿತ್ತು? ಆ ಯಾಕೆಗೆ ಉತ್ರ ಮಾಟ. ನಮ್ಮಲ್ಲೂ ಡಿಟ್ಟೋ. "ಹಾರ್ಟ್ ಅಟ್ಯಾಕ್ ಆಯ್ತು ಅಂತ ಡಾಕ್ಟ್ರು ಹೇಳಿದ್ರು ಸರಿ, ಆದ್ರೆ ಗೃಹಪ್ರವೇಶ ಆದ ಮೂರನೇ ದಿನಕ್ಕೇ ಯಾಕಾಯ್ತು?" ವಿಜ್ಞಾನಕ್ಕೆ ಮೊದಲ ಅರ್ಧಕ್ಕೆ ಉತ್ರ ಗೊತ್ತು. ಎರಡನೇ ಅರ್ಧಕ್ಕೆ ಅದು "ಹಂಗೇ ಆಯ್ತು" ಅನ್ನುತ್ತೆ, ಮಣ್ಣು ಮಾಡಿ ಬಂದ ಮನೇಲಿ ಆ ಮಾತು ಯಾರಿಗೂ ನಡಿಯಲ್ಲ.

ಆದ್ರೆ ಆ ಬೆರಳು ಯಾರ ಕಡೆ ತಿರುಗುತ್ತೆ ನೋಡಿ. ಆಸ್ತಿ ಜಗಳ ಇರೋ ದಾಯಾದಿ, ಗಂಡ ಇಲ್ದಿರೋ ಹೆಂಗಸು, ಮಕ್ಳಾಗದಿರೋ ಓರಗಿತ್ತಿ, ಹೊರಗಿಂದ ಬಂದ ಸೊಸೆ. ನನ್ನ ನೋಟ್‌ಬುಕ್ಕಲ್ಲಿ ಊರ ಗೌಡ ಮಾಟ ಮಾಡ್ಸಿದ ಅನ್ನೋ ಕಥೆ ಒಂದೂ ಇಲ್ಲ. ಅದ್ಕೇ ಹೆಸರು ಬರೀಬೇಡಿ, "ಒಬ್ಬ ದಾಯಾದಿ" ಅಂತ ಬರೀರಿ ಸಾಕು, ಊರಿನ ಹೆಸರೂ ಬೇಡ, ತಾಲೂಕು ಸಾಕು. ಒಂದು ಮನೇಲಿ ಕೇಳಿದ್ದನ್ನ ಇನ್ನೊಂದು ಮನೇಲಿ ಬಾಯಿಬಿಡ್ಬೇಡಿ. ನಾನು ಬಿಟ್ಟೆ. ತಮಾಷೆಗೆ ಅಂತ ಒಂದು ಮಾತು ಹೇಳಿದ್ದು, ಹತ್ತು ವರ್ಷದ ಹಿಂದೆ ತಣ್ಣಗಾಗಿದ್ದ ಜಗಳ ಮತ್ತೆ ಎದ್ದು ಎರಡು ಮನೆಯೋರು ಒಂದು ಮದುವೇಲಿ ಮಾತು ಬಿಟ್ರು. ನಮ್ಮಪ್ಪ ಹೋಗಿ ಕೈ ಮುಗಿದು ಬಂದ. ಆ ಪೇಜು ಹರಿದು ಹಾಕಿದೀನಿ.

ಕ್ಯಾಲೆಂಡರ್ ಇಟ್ಕೊಳ್ಳಿ

ಮನೆ ಕಥೆ ಯಾವಾಗ ಬೇಕಾದ್ರೂ ಸಿಗುತ್ತೆ, ಊರಿನ ಶಾಸ್ತ್ರ ಮಾತ್ರ ದಿನ ನೋಡ್ಕೊಂಡು ಹೋಗ್ಬೇಕು. ಆಷಾಢ ಬಂತಂದ್ರೆ ನಮ್ಮ ಕಡೆ ಹೋಳಿಗೆಮ್ಮ, ಕೆಲವು ಕಡೆ ಅಜ್ಜಿ ಹಬ್ಬ ಅಂತಾರೆ. ಹೋಳಿಗೆ ಮಾಡಿ ಮೊರದಲ್ಲಿ ಬೇವಿನ ಸೊಪ್ಪಿನ ಜತೆ ಇಟ್ಟು ಹೆಂಗಸ್ರು ಊರಾಚೆ ತಗೊಂಡೋಗಿ ಬಿಟ್ಟು ಬರ್ತಾರೆ, ಅಮ್ಮ ಹೊಟ್ಟೆ ತುಂಬಿಸ್ಕೊಂಡು ಊರು ಬಿಟ್ಟು ಮುಂದಕ್ಕೆ ಹೋಗ್ಲಿ ಅಂತ. ಸಿಡುಬು ಲೋಕದಿಂದ್ಲೇ ಹೋಯ್ತು ಅಂತ 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಘೋಷಣೆ ಮಾಡ್ತು, ಆದ್ರೆ ಅಮ್ಮ ಹೋಗಿಲ್ಲ ನೋಡಿ, ಹೊಸ ಕಾಯ್ಲೆ ಬಂದ್ರೆ ಆ ಹೆಸರಲ್ಲಿ ಬರ್ತಾಳೆ. ಇಲ್ಲಿ ನೀವು ಗಮನಿಸ್ಬೇಕಾದ್ದು ಗಡಿ. ಮೊರ ಎಲ್ಲಿ ಇಡ್ತಾರೆ? ಯಾವ ಕಲ್ಲಿನ ಹತ್ರ, ಯಾವ ಹಳ್ಳದ ಆಚೆ? ಅದು ನಿಮ್ಮೂರಿನ ಹಳೇ ಎಲ್ಲೆ, ಎಷ್ಟೋ ಸಲ ಪಂಚಾಯ್ತಿ ನಕ್ಷೆಗಿಂತ ಹಳೇದು. ಪಕ್ಕದೂರಿನೋರು ಅದನ್ನ ನೋಡಿ ಏನ್ ಮಾಡ್ತಾರೆ ಅಂತಾನೂ ಕೇಳಿ, ಮಾರಿ ಸಾಗ್ಸೋದು ಅಂದ್ರೆ ಪಕ್ಕದೂರಿಗೆ ದಾಟ್ಸೋದು ತಾನೇ.

ಗೌರಸಮುದ್ರ ಮಾರಮ್ಮನ ಜಾತ್ರೆ, ದಾವಣಗೆರೆ ದುಗ್ಗಮ್ಮನ ಜಾತ್ರೆ, ನಾಯಕನಹಟ್ಟಿ ತಿಪ್ಪೇಸ್ವಾಮಿ ತೇರು, ಇವೆಲ್ಲ ನಿಮ್ಗೇ ಗೊತ್ತು. ಕಾಡುಗೊಲ್ಲರ ಕ್ಯಾತಪ್ಪನ ಪರಿಷೆ ಒಂದ್ಸಲ ನೋಡ್ಲೇಬೇಕು, ಬಾರೆ ಮುಳ್ಳಿನಲ್ಲಿ ಗುಡಿ ಕಟ್ಟಿ ಅದರ ಮೇಲೆ ಬರಿಗಾಲಲ್ಲಿ ಹತ್ತಿ ಕಳಸ ಕೀಳ್ತಾರೆ. ಜಾತ್ರೇಲಿ ರೆಕಾರ್ಡ್ ಮಾಡೋಕೆ ಹೋಗ್ಬೇಡಿ, ಏನೂ ಕೇಳಲ್ಲ, ನೋಡ್ರಿ ಸಾಕು, ಮಾರನೇ ದಿನ ಕೂತು ಕೇಳಿ.

ಇದೆಲ್ಲ ಯಾವಾಗಿಂದ ನಡ್ಕೊಂಡು ಬಂದೈತೆ ಅಂತ ಕೇಳಿದ್ರೆ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಗೆ ಹೋಗಿ ಅಶೋಕನ ಶಾಸನ ನೋಡ್ಕೊಂಡು ಬನ್ನಿ. 2,200 ವರ್ಷಕ್ಕೂ ಹಳೇದು, ಬಿ.ಎಲ್. ರೈಸ್ 1892ರಲ್ಲಿ ಪತ್ತೆ ಹಚ್ಚಿದ್ದು. ಅದರಲ್ಲಿ ಜಂಬೂದ್ವೀಪದಲ್ಲಿ ಇಷ್ಟು ದಿನ ದೇವರ ಜತೆ ಬೆರೀದೇ ಇದ್ದ ಮನುಷ್ಯರು ಈಗ ಬೆರೆತಿದಾರೆ ಅನ್ನೋ ಅರ್ಥದ ಮಾತೈತೆ. ಅದೇ ರಾಜ ಬೇರೆ ಕಡೆ ಕೆತ್ತಿಸಿರೋ ಒಂಬತ್ತನೇ ಬಂಡೆ ಶಾಸನದಲ್ಲಿ ಕಾಯ್ಲೆ ಬಂದಾಗ, ಮದುವೇಲಿ, ಮಗು ಹುಟ್ಟಿದಾಗ, ಪ್ರಯಾಣ ಹೊರಟಾಗ ಜನ ಏನೇನೋ ಮಂಗಳ ಮಾಡ್ತಾರೆ, ಹೆಂಗಸ್ರಂತೂ ತೀರಾ ಜಾಸ್ತಿ, ಫಲ ಕಡಿಮೆ ಅಂತ ಗೊಣಗಿದಾನೆ. ಚಕ್ರವರ್ತಿ ಬಂಡೆ ಮೇಲೆ ಕೆತ್ತಿಸಿದ್ರೂ ನಮ್ಮಜ್ಜಿ ಮೆಣಸಿನಕಾಯಿ ಬಿಟ್ಟಿಲ್ಲ.

ಕಾರ್ಣಿಕಕ್ಕೆ ಹೋದ್ರೆ

ಕಾರ್ಣಿಕ ಅಂದ್ರೆ ಜಾತ್ರೇಲಿ ದೇವರ ಮಾತು ಅಂತ ಹೇಳೋ ಭವಿಷ್ಯದ ಸಾಲು. ಅದನ್ನ ಕೇಳೋಕೆ ಮೈಲಾರಕ್ಕೆ ಈಗ್ಲೂ ನಮ್ಮ ಕಡೆಯಿಂದ ಬಂಡಿ ಕಟ್ಕೊಂಡು ಹೋಗ್ತಾರೆ. ಗೊರವಪ್ಪ ಬಿಲ್ಲು ಹತ್ತಿ "ಸದ್ದಲೇ" ಅಂದ ತಕ್ಷಣ ಅಷ್ಟು ಲಕ್ಷ ಜನ ಗಪ್‌ಚಿಪ್, ಒಂದೇ ಒಂದು ಸಾಲು, ಕೊನೆಗೆ ಪರಾಕ್, ಅಲ್ಲಿಂದ ಕೆಳಕ್ಕೆ ಬೀಳ್ತಾನೆ, ಜನ ಹಿಡ್ಕೊಳ್ತಾರೆ. ಇಲ್ಲಿ ದಾವಣಗೆರೆ ಆನೆಕೊಂಡದಲ್ಲೂ ಬಸವೇಶ್ವರನ ಕಾರ್ಣಿಕ ನಡಿಯುತ್ತೆ, ದೂರ ಹೋಗೋಕಾಗದೋರು ಅಲ್ಲಿಂದ್ಲೇ ಶುರು ಮಾಡಿ. ಮಾಡ್ಬೇಕಾದ್ದು ಒಂದೇ, ಆ ಸಾಲನ್ನ ಕಿವಿಗೆ ಬಿದ್ದ ತಕ್ಷಣ, ಪಕ್ಕದೋರು ಅರ್ಥ ಹೇಳೋ ಮುಂಚೆ ಬರ್ಕೊಂಡುಬಿಡಿ, ಟೈಮ್ ಹಾಕಿ. ಯಾಕಂದ್ರೆ ಐದು ನಿಮಿಷಕ್ಕೆ ಮಳೆ ಅಂತಾರೆ, ಬಸ್‌ಸ್ಟ್ಯಾಂಡಿಗೆ ಬರೋ ಹೊತ್ತಿಗೆ ಸರ್ಕಾರ ಬೀಳುತ್ತೆ ಅಂತಾರೆ, ಸಂಜೆ ಟಿವೀಲಿ ಮೂರನೇ ಅರ್ಥ. ನಾನು ಒಂದ್ಸಲ ಹಿಂಗೆ ಒಂದೇ ಸಾಲಿಗೆ ಏಳು ಅರ್ಥ ಬರ್ಕೊಂಡಿದ್ದೆ, ವರ್ಷ ಕಳೆದ ಮೇಲೆ ಅದೇ ಜನರನ್ನ ಕೇಳಿದ್ರೆ ಎಲ್ರೂ "ನಾ ಅವತ್ತೇ ಹೇಳಿದ್ನಲ್ಲ" ಅಂದ್ರು, ಏಳು ಜನಾನೂ. ಸುಳ್ಳು ಹೇಳ್ತಿರ್ಲಿಲ್ಲ ಪಾಪ, ನೆನಪು ಹಂಗೇ ಕೆಲಸ ಮಾಡೋದು.

ಪವಾಡ ಅಂತ ಯಾರಾದ್ರೂ ತೋರಿಸಿದ್ರೆ ಜಗಳಕ್ಕೆ ಇಳೀಬೇಡಿ, ಮನೆಗೆ ಬಂದು ಮಾಡಿ ನೋಡಿ. ಅರಿಶಿನದ ನೀರಿಗೆ ಸುಣ್ಣ ಹಾಕಿದ್ರೆ ಕೆಂಪಾಗುತ್ತೆ, ನಮ್ಮ ಆರತಿ ಓಕುಳಿ ಅದೇ ತಾನೇ. ದಾಸವಾಳದ ಹೂವು ಉಜ್ಜಿದ ಚಾಕೂಲಿ ನಿಂಬೆಹಣ್ಣು ಕೊಯ್ದ್ರೆ ರಸ ಕೆಂಪು, "ಮಾಟದ ರಕ್ತ". ಎಚ್. ನರಸಿಂಹಯ್ಯನೋರು ಬೆಂಗಳೂರು ವಿವಿ ಕುಲಪತಿ ಆಗಿದ್ದಾಗ 1976ರಲ್ಲಿ ಪವಾಡ ಪರೀಕ್ಷೆ ಮಾಡೋಕೆ ಅಂತಾನೇ ಸಮಿತಿ ಮಾಡಿದ್ರು. ಅವ್ರ ಹತ್ರ ಕಲೀಬೇಕಾದ್ದು ಧೈರ್ಯ, ಆದ್ರೆ ಅಜ್ಜಿ ಮುಂದೆ ದಾಸವಾಳದ ಚಾಕು ತೆಗೀಬೇಡಿ, ಆಮೇಲೆ ಅವ್ಳು ಏನೂ ಹೇಳಲ್ಲ.

ನೋಟ್‌ಬುಕ್ ಮುಚ್ಚಿ ಎದ್ದು ನಿಲ್ಲೋ ಜಾಗ

ಬರ್ಕೊಳ್ಳೋನು ಸುಮ್ನೆ ಬರ್ಕೋಬೇಕು ಅಂತಾರೆ. ನಾನು ಒಪ್ಪಲ್ಲ. ಹಾವು ಕಚ್ಚಿದೋರನ್ನ ಮಂತ್ರ ಹಾಕೋರ ಹತ್ರ ಕರ್ಕೊಂಡು ಹೊರಟಿದಾರೆ ಅಂದ್ರೆ ನಿಮ್ಮ ಕೆಲಸ ಗಾಡಿ ಹತ್ತಿಸಿ ಆಸ್ಪತ್ರೆಗೆ ಸೇರಿಸೋದು. ಮಂತ್ರದಿಂದ ಬದುಕಿದ ಕಥೆ ಊರಿಗೊಂದು ಸಿಗುತ್ತೆ, ಯಾಕಂದ್ರೆ ಕಚ್ಚೋ ಹಾವಲ್ಲಿ ಬಹಳಷ್ಟಕ್ಕೆ ವಿಷಾನೇ ಇಲ್ಲ, ನಾಗರ ಕಚ್ಚಿದ್ರೂ ಕೆಲವು ಸಲ ವಿಷ ಬಿಟ್ಟಿರಲ್ಲ. ವಿಷ ಏರಿದ್ರೆ ಆಂಟಿವೆನಮ್ ಇಂಜೆಕ್ಷನ್ ಒಂದೇ ದಾರಿ. ಕಚ್ಚಿದ ಕೈಕಾಲು ಅಲುಗಾಡಿಸ್ದೆ ಇಟ್ಕೊಳ್ಳಿ, ಹಗ್ಗ ಬಿಗಿದು ಕಟ್ಬೇಡಿ, ಕೊಯ್ಬೇಡಿ.

ದೆವ್ವ ಬಿಡಿಸ್ತೀವಿ ಅಂತ ಹೊಡಿಯೋದು, ಮೆಣಸಿನಕಾಯಿ ಹೊಗೆ ಹಾಕೋದು, ಸರಪಳಿ ಕಟ್ಟೋದು ಕಂಡ್ರೂ ಅಷ್ಟೇ. ಮುಟ್ಟಾದೋರನ್ನ, ಬಾಣಂತೀನ ಊರಾಚೆ ಗುಡ್ಲಲ್ಲಿ ಇಡೋದು, ನಿಧಿ ಆಸೆಗೆ ವಾಮಾಚಾರ ಮಾಡೋದು ಇವೂ. 2017ರಲ್ಲಿ ಮೌಢ್ಯ ನಿಷೇಧ ಕಾಯ್ದೆ ಬಂತು, 2020ರಿಂದ ಜಾರಿಯಲ್ಲೈತೆ, ಒಂದು ವರ್ಷದಿಂದ ಏಳು ವರ್ಷದ ತನಕ ಜೈಲು, 5,000ದಿಂದ 50,000 ರೂಪಾಯಿ ದಂಡ. ಹಾವು, ಚೇಳು, ನಾಯಿ ಕಚ್ಚಿದೋರಿಗೆ ಆಸ್ಪತ್ರೆ ತಪ್ಪಿಸಿ ಮಂತ್ರ ಮಾಡೋದೂ ಅದರಲ್ಲಿ ಬರುತ್ತೆ. ಪೂಜೆ, ಹರಕೆ, ಜ್ಯೋತಿಷ್ಯ, ವಾಸ್ತು ಇವಕ್ಕೆ ಕಾಯ್ದೆ ಕೈ ಹಾಕಿಲ್ಲ, ಹಳ್ಳೀಲಿ "ಅಜ್ಜಿ ದೃಷ್ಟಿ ತೆಗೆದ್ರೂ ಪೊಲೀಸ್ ಬರ್ತಾರಂತೆ" ಅಂತ ಯಾರಾದ್ರೂ ಹೆದರಿಸಿದ್ರೆ ಇದನ್ನ ಹೇಳಿ. ನಿಧಿಗಳ್ಳರ ಬಗ್ಗೆ ನಂಗೆ ಬೇರೆ ಸಿಟ್ಟೈತೆ. ಚಿತ್ರದುರ್ಗ ಸೀಮೇಲಿ ಪಾಳು ಗುಡಿ ಬಸವಣ್ಣನ ಬುಡ ಅಗೆದು ಉರುಳಿಸಿರೋದು ಒಂದೆರಡು ಕಡೆ ಅಲ್ಲ, ಪಾಳೇಗಾರರ ಚಿನ್ನ ಸಿಗಲ್ಲ, ಕಲ್ಲು ಮಾತ್ರ ಹೋಗುತ್ತೆ.

ಯಾರಿಗಾದ್ರೂ ನಿದ್ದೆ ಇಲ್ಲ, ಕಿವೀಲಿ ಮಾತು ಕೇಳುತ್ತೆ, ಮೈ ಮೇಲೆ ಬಂದಂಗಾಡ್ತಾರೆ, ಮನೆಯೋರು ಗುಡಿಯಿಂದ ಗುಡಿಗೆ ಸುತ್ತಿ ಸೋತಿದಾರೆ ಅಂದ್ರೆ ಗುಡಿಗೆ ಹೋಗ್ಬೇಡಿ ಅನ್ಬೇಡಿ, ಗುಡಿ ಜತೆಗೆ ಜಿಲ್ಲಾಸ್ಪತ್ರೆ ಮನೋವೈದ್ಯರನ್ನೂ ನೋಡಿ ಅನ್ನಿ. ಟೆಲಿ ಮಾನಸ್ 14416 ಅಂತ ಫ್ರೀ ನಂಬರ್ ಐತೆ, ಕನ್ನಡದಲ್ಲೇ ಮಾತಾಡ್ತಾರೆ. ನಾನು ಈ ನಂಬರನ್ನ ನೋಟ್‌ಬುಕ್ಕಿನ ರಟ್ಟಿನ ಒಳಗಡೆ ಬರ್ದಿಟ್ಕೊಂಡಿದೀನಿ, ಎರಡು ಸಲ ಉಪಯೋಗಕ್ಕೆ ಬಂದೈತೆ.

ಇನ್ನು ಬರೆದಿದ್ದನ್ನ ಇಡೋದು. ಊರು ಮಾತನ್ನ ತಿದ್ದಿ ಪುಸ್ತಕದ ಕನ್ನಡ ಮಾಡ್ಬೇಡಿ, ಅವ್ಳು "ಮೆಟ್ಕೊಂಡೈತೆ" ಅಂದಿದ್ರೆ "ಆವರಿಸಿದೆ" ಅಂತ ಬರೆದ್ರೆ ಅರ್ಧ ಹೋಯ್ತು. ದಿನಾಂಕ, ಹೇಳಿದೋರ ವಯಸ್ಸು, ಅವ್ರು ಯಾರ ಬಾಯಿಂದ ಕೇಳಿದ್ದು, ಇಷ್ಟು ಮೇಲ್ಗಡೆ ಇರ್ಲಿ. ರೆಕಾರ್ಡಿಂಗನ್ನ ಅವತ್ತೇ ರಾತ್ರಿ ಇನ್ನೊಂದು ಕಡೆ ಕಾಪಿ ಮಾಡಿ. ಹೇಳಿದೋರಿಗೆ ಒಂದ್ಸಲ ಕೇಳ್ಸಿ, ಬೇಡ ಅಂದ ಭಾಗ ಅಳಿಸಿ. ನಮ್ಮ ದೊಡ್ಡಜ್ಜಿ ತನ್ನ ದನಿ ಕೇಳಿ ಬಹಳ ಹೊತ್ತು ಸುಮ್ನಿದ್ಲು, ಆಮೇಲೆ "ಆ ಪೂಜಾರಪ್ಪಂಗೆ ಕೊಟ್ಟ ದುಡ್ಡು ತಪ್ಪು ಹೇಳಿದೀನಿ, ಎರಡೂವರೆ ರೂಪಾಯಿ ಅಲ್ಲ, ಎರಡು ಕಾಲು, ತಿದ್ಕೋ" ಅಂದ್ಲು. ತಿದ್ಕೊಂಡೆ.